ಬೆಳ್ಳಿಯೂ ಶುಕ್ರನೂ: ಅರ್ಥದ ಜಾಡು ಹಿಡಿದವರ ಕತೆ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ, ಬೆಳ್ಳಿ ಮೂಡುವ ತಿಂಗಳುಗಳಲ್ಲಿ, ಬೇಸಾಯಗಾರರ ದಿನ ಅದರಿಂದಲೇ ಶುರುವಾಗುತ್ತಿತ್ತು. ಸೂರ್ಯ ಹುಟ್ಟುವ ಮುಂಚೆ ಮೂಡಣದಲ್ಲಿ ಹೊಳೆಯುವ ಆ ಚುಕ್ಕಿಯನ್ನು ನೋಡಿ ಎದ್ದವರು ಹೊತ್ತೇರುವಷ್ಟರಲ್ಲಿ ಅರ್ಧ ಹೊಲ ಉತ್ತಿರುತ್ತಿದ್ದರು. ಅದೇ ಮನೆಯಲ್ಲಿ ಮಗಳ ಮದುವೆಯ ಮಾತು ಬಂದರೆ ಪಂಚಾಂಗ ನೋಡುವವರು ಇನ್ನೊಂದು ಹೆಸರು ಎತ್ತುತ್ತಾರೆ: ಶುಕ್ರ ಅಸ್ತವಾಗಿದ್ದಾನೆ, ಈಗ ಮುಹೂರ್ತವಿಲ್ಲ. ಬೆಳ್ಳಿ ಹೊಲದ ಮಾತು, ಶುಕ್ರ ಪಂಚಾಂಗದ ಮಾತು. ಎರಡೂ ಮಾತನ್ನು ಜೀವನವಿಡೀ ಆಡಿದ ಒಬ್ಬರಿಗೆ, ಆ ಬೆಳ್ಳಿಯೇ ಈ ಶುಕ್ರ ಎಂಬುದು ತಿಳಿಯದೇ ಇರಬಹುದು. ತಿಳಿದ ದಿನ ಅವರಿಗೆ ಆಕಾಶದ ಬಗ್ಗೆ ಹೊಸದೊಂದು ವಿಷಯ ಗೊತ್ತಾದಂತೆ.

ಇಲ್ಲೊಂದು ತೊಡಕಿದೆ. "ಬೆಳ್ಳಿ ಎಂದರೆ ಬೆಳ್ಳಿಯೇ" ಎಂದರೆ ಯಾರಿಗೂ ಏನೂ ಹೇಳಿದಂತಾಗಲಿಲ್ಲ. "ಬೆಳ್ಳಿ ಎಂದರೆ ಶುಕ್ರನೇ" ಎಂದರೆ ಒಂದು ತಿಳಿವಳಿಕೆ ಕೊಟ್ಟಂತಾಯಿತು. ಆದರೆ ಎರಡು ಹೆಸರೂ ಒಂದೇ ಗ್ರಹವನ್ನು ಮುಟ್ಟುತ್ತವೆ. ಹೆಸರಿನ ಅರ್ಥವೆಂದರೆ ಅದು ಮುಟ್ಟುವ ವಸ್ತು, ಅಷ್ಟೇ ಎಂದುಕೊಂಡರೆ ಎರಡು ವಾಕ್ಯವೂ ಒಂದೇ ಆಗಬೇಕಿತ್ತು. ಆಗಲಿಲ್ಲ. ಹಾಗಾದರೆ ಎರಡನೆಯ ವಾಕ್ಯದಲ್ಲಿ ಹೆಚ್ಚಿಗೆ ಇರುವುದು ಏನು? ಅದು ಎಲ್ಲಿದೆ?

ಈ ಪ್ರಶ್ನೆಯ ಎದುರು ನಿಂತವರು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಗಣಿತದ ಅಧ್ಯಾಪಕ ಗಾಟ್ಲಾಬ್ ಫ್ರೇಗೆ. 1892ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ತೆಗೆದುಕೊಂಡ ಉದಾಹರಣೆ ಇದೇ ಗ್ರಹದ್ದು, ಮುಂಜಾನೆಯ ನಕ್ಷತ್ರ ಮತ್ತು ಸಂಜೆಯ ನಕ್ಷತ್ರ. ಶುಕ್ರ ಕೆಲವು ತಿಂಗಳು ಸೂರ್ಯನಿಗಿಂತ ಮೊದಲು ಮೂಡುತ್ತದೆ, ಕೆಲವು ತಿಂಗಳು ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಕಾಣುತ್ತದೆ. ಈ ಸುತ್ತು ಮುಗಿಯಲು ಸುಮಾರು 584 ದಿನ ಬೇಕು. ಎರಡೂ ಒಂದೇ ಎಂದು ಕಂಡುಕೊಳ್ಳಲು ಪ್ರಾಚೀನರು ಬಹುಕಾಲ ಆಕಾಶ ನೋಡಬೇಕಾಯಿತು. ಕೇವಲ ಶಬ್ದಗಳನ್ನು ಮಥಿಸಿ ಅದು ಸಿಗುವಂಥದ್ದಲ್ಲ. ಫ್ರೇಗೆ ಹೇಳಿದ್ದು ಇಷ್ಟು: ಹೆಸರಿನಲ್ಲಿ ಎರಡು ಸಂಗತಿಗಳಿವೆ. ಒಂದು, ಹೆಸರು ಮುಟ್ಟುವ ವಸ್ತು. ಇನ್ನೊಂದು, ಆ ವಸ್ತು ನಮಗೆ ತೋರಿಬರುವ ಬಗೆ. ವಸ್ತು ಒಂದೇ ಇದ್ದು ತೋರಿಬರುವ ಬಗೆ ಬೇರೆಯಾದರೆ, "ಅದೇ ಇದು" ಎಂಬ ಮಾತು ಸುದ್ದಿಯಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಜಾಣ ವಿಂಗಡಣೆ ಆಗಿರುತ್ತಿತ್ತು. ಫ್ರೇಗೆ ಮುಂದಿನ ಹೆಜ್ಜೆ ಇಟ್ಟರು. ಬೆಳ್ಳಿಯನ್ನು ನೆನೆದಾಗ ನನ್ನ ಮನಸ್ಸಿನಲ್ಲಿ ಮೂಡುವ ಚಿತ್ರ ನನ್ನದು, ನಿಮ್ಮ ಮನಸ್ಸಿನದು ನಿಮ್ಮದು. ಅರ್ಥ ಆ ಚಿತ್ರವಲ್ಲ. ಅರ್ಥ ಅದಾಗಿದ್ದರೆ ನನ್ನ ಮಾತು ನಿಮಗೆ ದಾಟುತ್ತಲೇ ಇರಲಿಲ್ಲ, ನಾವಿಬ್ಬರೂ ಒಂದೇ ವಿಷಯದ ಬಗ್ಗೆ ಜಗಳವಾಡಲೂ ಆಗುತ್ತಿರಲಿಲ್ಲ. ಅರ್ಥ ಹಲವರಿಗೆ ಸೇರಿದ ಸೊತ್ತು. ವಿಶ್ಲೇಷಣಾತ್ಮಕ ಭಾಷಾ ತತ್ತ್ವಶಾಸ್ತ್ರ ಎಂದು ಇಂದು ಕರೆಸಿಕೊಳ್ಳುವ ಶೋಧದ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ. ಮುಂದಿನ ನೂರು ವರ್ಷ ನಡೆದದ್ದು, ಆ ಸೊತ್ತನ್ನು ಹಲವರು ಹೇಗೆ ಹಂಚಿಕೊಂಡಿದ್ದಾರೆ ಎಂಬುದರ ಹುಡುಕಾಟ.

ಫ್ರೇಗೆಯ ಜೀವನದ ದೊಡ್ಡ ಕನಸು ಬೇರೆ ಇತ್ತು. ಅಂಕಗಣಿತವನ್ನೆಲ್ಲ ಶುದ್ಧ ತರ್ಕದ ಮೇಲೆ ಕಟ್ಟಬೇಕೆಂದು ಅವರು 1879ರಲ್ಲೇ ಹೊಸದೊಂದು ತರ್ಕಲಿಪಿ ರೂಪಿಸಿದ್ದರು. 1902ರ ಜೂನ್ 16ರಂದು ಇಂಗ್ಲೆಂಡಿನಿಂದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರಿಗೊಂದು ಕಾಗದ ಬರೆದರು. ತನ್ನನ್ನು ತಾನು ಒಳಗೊಳ್ಳದ ಗಣಗಳನ್ನೆಲ್ಲ ಸೇರಿಸಿ ಒಂದು ಗಣ ಮಾಡಿದರೆ, ಅದು ತನ್ನನ್ನು ಒಳಗೊಳ್ಳುತ್ತದೆಯೋ ಇಲ್ಲವೋ? ಒಳಗೊಳ್ಳುತ್ತದೆ ಎಂದರೆ ಒಳಗೊಳ್ಳಬಾರದು, ಇಲ್ಲ ಎಂದರೆ ಒಳಗೊಳ್ಳಲೇಬೇಕು. ಫ್ರೇಗೆಯ ಮಹಾಗ್ರಂಥದ ಎರಡನೆಯ ಸಂಪುಟ ಆಗ ಅಚ್ಚಿನಲ್ಲಿತ್ತು. ಬುಡವೇ ಅಲುಗಾಡಿದ್ದನ್ನು ಅವರು ಮುಚ್ಚಿಡಲಿಲ್ಲ. ಅದನ್ನು ಒಪ್ಪಿಕೊಂಡು ಅನುಬಂಧ ಬರೆದು ಸೇರಿಸಿದರು. ಸತ್ಯದ ಮುಂದೆ ಅಷ್ಟು ನೇರವಾಗಿ ನಿಂತ ವಿದ್ವಾಂಸರು ವಿರಳ. ಆ ಕಾಗದದಿಂದ ಭಾಷೆಯ ಬಗ್ಗೆಯೂ ಒಂದು ಪಾಠ ಸಿಕ್ಕಿತು. ವ್ಯಾಕರಣಕ್ಕೆ ಸರಿಯಾಗಿರುವ ಪದಗುಚ್ಛದ ಹಿಂದೆ ಒಂದು ವಸ್ತು ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ.

ಈ ಪಾಠವನ್ನು ರಸೆಲ್ 1905ರ ತಮ್ಮ ಪ್ರಬಂಧದಲ್ಲಿ ದಿನದ ಮಾತಿನ ಮೇಲೆ ಪರೀಕ್ಷಿಸಿದರು. ಅವರ ಉದಾಹರಣೆ ಫ್ರಾನ್ಸಿನ ಈಗಿನ ದೊರೆಯದ್ದು. ನಮ್ಮ ಸೀಮೆಗೆ ಹೊಂದಿಸಿ ಹೇಳುವುದಾದರೆ: "ತರೀಕೆರೆಯ ಈಗಿನ ಪಾಳೆಯಗಾರ ಮೀಸೆ ಬಿಟ್ಟಿದ್ದಾನೆ." ತರೀಕೆರೆಯಲ್ಲಿ ಪಾಳೆಯಗಾರರು ಆಳಿದ್ದು ನಿಜ, ಆದರೆ ಆ ಪಾಳೆಯಪಟ್ಟು ಹೋಗಿ ತಲೆಮಾರುಗಳೇ ಕಳೆದಿವೆ. ಮೀಸೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಆತ ಸಿಗುವುದಿಲ್ಲ; ಮೀಸೆಯಿಲ್ಲದವರ ಸಾಲಿನಲ್ಲೂ ಸಿಗುವುದಿಲ್ಲ. ಆದರೂ ಮಾತು ನಮಗೆ ಅರ್ಥವಾಗುತ್ತದೆ. ಯಾರನ್ನೂ ಮುಟ್ಟದ ಮಾತು ಅರ್ಥವಾಗುವುದು ಹೇಗೆ? ರಸೆಲ್ ವಾಕ್ಯವನ್ನು ಬಿಡಿಸಿದರು. ಅದರಲ್ಲಿ ಅಡಗಿರುವ ಹೇಳಿಕೆಗಳು ಮೂರು: ತರೀಕೆರೆಗೆ ಈಗ ಒಬ್ಬ ಪಾಳೆಯಗಾರನಿದ್ದಾನೆ, ಒಬ್ಬನೇ ಇದ್ದಾನೆ, ಅವನಿಗೆ ಮೀಸೆಯಿದೆ. ಮೊದಲನೆಯದೇ ಸುಳ್ಳು, ಆದ್ದರಿಂದ ಇಡೀ ಮಾತು ಸುಳ್ಳು. ಮೇಲೆ ಹೆಸರಿನಂತೆ ಕಂಡದ್ದು ಬಿಡಿಸಿದಾಗ ಹೆಸರೇ ಅಲ್ಲ. ವಾಕ್ಯದ ಮೇಲಿನ ರೂಪ ಬೇರೆ, ಒಳಗಿನ ತರ್ಕದ ರೂಪ ಬೇರೆ ಎಂಬ ಈ ಕಾಣ್ಕೆ ಒಂದು ತಲೆಮಾರಿನ ಚಿಂತಕರ ಕೈಗೆ ಹತಾರವಾಯಿತು.

ಆ ತಲೆಮಾರಿನ ದೊಡ್ಡ ಹೆಸರು ವಿಯೆನ್ನಾದ ಲುಡ್ವಿಗ್ ವಿಟ್‌ಗೆನ್‌ಸ್ಟೈನ್. ಫ್ರೇಗೆಯನ್ನು ಕಂಡು, ಅವರ ಸಲಹೆಯಂತೆ 1911ರಲ್ಲಿ ಕೇಂಬ್ರಿಜ್‌ಗೆ ರಸೆಲ್ ಬಳಿ ಹೋದವರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗಲೇ ಅವರ ಮೊದಲ ಪುಸ್ತಕ ಬೆಳೆಯಿತು. 1914ರ ಸೆಪ್ಟೆಂಬರ್‌ನಲ್ಲಿ ಅವರ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಂಗತಿ ಬರುತ್ತದೆ. ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ರಸ್ತೆ ಅಪಘಾತವೊಂದನ್ನು ಬೊಂಬೆಗಳನ್ನಿಟ್ಟು ತೋರಿಸುತ್ತಾರೆ. ಬೊಂಬೆಗಳು ನಿಂತ ರೀತಿ ರಸ್ತೆಯಲ್ಲಿ ನಡೆದದ್ದಕ್ಕೆ ಹೊಂದುವಂತೆ, ವಾಕ್ಯದಲ್ಲಿ ಪದಗಳು ನಿಂತ ರೀತಿ ಲೋಕದ ಸ್ಥಿತಿಗೆ ಹೊಂದುತ್ತದೆ. ವಾಕ್ಯವೆಂದರೆ ಲೋಕದ ಒಂದು ಚಿತ್ರ. 1921ರಲ್ಲಿ ಪುಸ್ತಕ ಹೊರಬಂತು. ಅದನ್ನು ಬರೆದು ಮುಗಿಸಿದಾಗಲೇ ತತ್ತ್ವಶಾಸ್ತ್ರದ ಕೆಲಸ ಮುಗಿಯಿತೆಂದುಕೊಂಡ ಅವರು ಅಷ್ಟರಲ್ಲಿ ಆಸ್ಟ್ರಿಯಾದ ಹಳ್ಳಿ ಶಾಲೆಗಳಲ್ಲಿ ಮೇಷ್ಟರಾಗಿದ್ದರು. ಮಕ್ಕಳಿಗಾಗಿ ಅವರು ಮಾಡಿದ ಪದಕೋಶ 1926ರಲ್ಲಿ ಅಚ್ಚಾಯಿತು.

1929ರಲ್ಲಿ ಕೇಂಬ್ರಿಜ್‌ಗೆ ಮರಳಿದ ಮೇಲೆ ಆ ಚಿತ್ರದ ಸಿದ್ಧಾಂತ ಅಲ್ಲಾಡಿತು. ಅದರ ಹಿಂದೆ ಇಟಲಿಯ ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾ ಅವರ ಒಂದು ಕೈಸನ್ನೆ ಇತ್ತೆಂದು, ವಿಟ್‌ಗೆನ್‌ಸ್ಟೈನರ ಶಿಷ್ಯ ನಾರ್ಮನ್ ಮ್ಯಾಲ್ಕಮ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಮಾತು ಮತ್ತು ಅದು ವರ್ಣಿಸುವ ಸಂಗತಿಗೆ ಒಂದೇ ತರ್ಕರೂಪ ಇರಬೇಕು ಎಂದು ವಿಟ್‌ಗೆನ್‌ಸ್ಟೈನ್ ವಾದಿಸುತ್ತಿದ್ದಾಗ, ಸ್ರಾಫಾ ಬೆರಳ ತುದಿಗಳನ್ನು ಗದ್ದದ ಕೆಳಗಿನಿಂದ ಮುಂದಕ್ಕೆ ಸವರಿದರು. ನೇಪಲ್ಸಿನ ಜನ ತಿರಸ್ಕಾರ ತೋರಿಸುವ ಸನ್ನೆ ಅದು. ಇದರ ತರ್ಕರೂಪ ಯಾವುದು ಎಂದು ಕೇಳಿದರು. ಆ ಸನ್ನೆ ಲೋಕದ ಯಾವ ಸ್ಥಿತಿಯ ಚಿತ್ರವೂ ಅಲ್ಲ. ಆದರೆ ಅದಕ್ಕೆ ಅರ್ಥವಿದೆ, ಅದನ್ನು ಬಳಸುವ ಜನರ ನಡುವೆ ಇದೆ.

ಅಲ್ಲಿಂದ ಮುಂದೆ ವಿಟ್‌ಗೆನ್‌ಸ್ಟೈನ್ ಪ್ರಶ್ನೆಯನ್ನೇ ಬದಲಿಸಿದರು. ಪದ ಯಾವುದನ್ನು ನಿರ್ದೇಶಿಸುತ್ತದೆ ಎಂಬುದಕ್ಕಿಂತ, ಪದದಿಂದ ಜನ ಏನು ಮಾಡುತ್ತಾರೆ ಎಂದು ನೋಡತೊಡಗಿದರು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1953ರಲ್ಲಿ ಬಂದ ಗ್ರಂಥದ ಮೊದಲಲ್ಲೇ ಮನೆ ಕಟ್ಟುವ ಒಬ್ಬ ಕೆಲಸಗಾರ, ಅವನ ಸಹಾಯಕ ಬರುತ್ತಾರೆ. ಕಟ್ಟುವವನು ಕಂಬವೆಂದು ಕೂಗಿದರೆ ಸಹಾಯಕ ಕಂಬ ತರುತ್ತಾನೆ, ತೊಲೆ ಎಂದರೆ ತೊಲೆ ತರುತ್ತಾನೆ. ಇಂಥ ಕೆಲವೇ ಪದಗಳು ಅವರಿಬ್ಬರ ಇಡೀ ಭಾಷೆ. ಆ ಪದಗಳ ಅರ್ಥ ಆ ಕೆಲಸದೊಳಗೆ ಇದೆ; ಕೆಲಸವನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಸದ್ದು.

ಈ ಕತೆ ಕರ್ನಾಟಕಕ್ಕೆ ಬಂದ ದಾರಿ ತೀರಾ ನೇರವಾದದ್ದು. 1946–47ರಲ್ಲಿ ವಿಟ್‌ಗೆನ್‌ಸ್ಟೈನ್ ಕೇಂಬ್ರಿಜ್‌ನಲ್ಲಿ ಮನಸ್ಸಿಗೆ ಸಂಬಂಧಿಸಿದ ಮಾತುಗಳ ಬಗ್ಗೆ ಪಾಠ ಮಾಡಿದರು. ನೋವು, ಯೋಚನೆ, ಉದ್ದೇಶ: ಇವುಗಳ ಬಗ್ಗೆ ನಾವು ಆಡುವ ಮಾತಿಗೆ ಅರ್ಥ ಎಲ್ಲಿಂದ? ಅದೇ ಅವರ ಕೊನೆಯ ವರ್ಷದ ಪಾಠ. 1947ರ ಕೊನೆಗೆ ಹುದ್ದೆ ಬಿಟ್ಟರು. ಆ ಕೋಣೆಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡವರಲ್ಲಿ ಒಬ್ಬರು ಕೆ. ಜೆ. ಶಾ. ಭಾರತಕ್ಕೆ ಮರಳಿದ ಶಾ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಪೀಟರ್ ಗೀಚ್, ಶಾ ಮತ್ತು ಎ. ಸಿ. ಜಾಕ್ಸನ್ ಬರೆದುಕೊಂಡಿದ್ದ ಆ ಪಾಠಗಳ ಟಿಪ್ಪಣಿ 1988ರಲ್ಲಿ ಪುಸ್ತಕವಾಗಿ ಬಂತು. ಮೂವರ ಬರವಣಿಗೆಯನ್ನೂ ಬೆರೆಸದೆ ಬೇರೆ ಬೇರೆಯಾಗಿಯೇ ಅಚ್ಚು ಹಾಕಿದ್ದಾರೆ. ಒಂದೇ ಮಾತನ್ನು ಮೂರು ಕಿವಿಗಳು ಹೇಗೆ ಹಿಡಿದವು ಎಂಬುದನ್ನು ಓದುಗರು ಹೋಲಿಸಿ ನೋಡಬಹುದು. ಇಪ್ಪತ್ತನೆಯ ಶತಮಾನದ ಅತಿ ಮುಖ್ಯ ಚಿಂತಕರೊಬ್ಬರ ಮಾತಿಗೆ ನಮ್ಮ ಧಾರವಾಡದ ಮೇಷ್ಟರು ಸಾಕ್ಷಿ ಎಂಬುದನ್ನು ಕನ್ನಡಿಗರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು.

ಶಾ ಆ ಚಿಂತನೆಯನ್ನು ಪರದೇಶದ ಸರಕಿನಂತೆ ತಂದಿಳಿಸಲಿಲ್ಲ. ಗಾಂಧಿಯವರ ಬಗ್ಗೆ, ಪುರುಷಾರ್ಥಗಳ ಬಗ್ಗೆ, ಕೌಟಿಲ್ಯನ ಅರ್ಥಶಾಸ್ತ್ರದ ಬಗ್ಗೆ ಯೋಚಿಸುವಾಗ ಅದನ್ನು ದುಡಿಸಿಕೊಂಡರು. ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಒಂದೊಂದಾಗಿ ಕಿತ್ತಿಟ್ಟು ವಿವರಿಸಲಾಗದು, ಒಂದರ ತಿಳಿವಳಿಕೆಗೆ ಉಳಿದವು ಬೇಕು ಎಂಬುದು ಅವರ ವಾದ. ಪದವನ್ನು ಬದುಕಿನಿಂದ ಬೇರ್ಪಡಿಸಿ ಅದರ ಅರ್ಥ ಕೇಳಬೇಡ ಎಂಬ ಗುರುವಿನ ಪಾಠಕ್ಕೆ ಇಲ್ಲಿನ ಮಣ್ಣಿನಲ್ಲಿ ಸಿಕ್ಕ ಬೆಳೆ ಅದು.

ಈ ಪ್ರಶ್ನೆಗಳು ಈ ನೆಲಕ್ಕೆ ಹೊಸವೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು 1938ರಲ್ಲಿ ವ್ಯಾಡಿ ಮತ್ತು ವಾಜಪ್ಯಾಯನ ಎಂಬ ಇಬ್ಬರು ಪ್ರಾಚೀನ ವೈಯಾಕರಣರ ಬಗ್ಗೆ ಒಂದು ಪ್ರಬಂಧ ಬರೆದರು. ಕಾತ್ಯಾಯನನ ವಾರ್ತಿಕದಲ್ಲೂ ಪತಂಜಲಿಯ ಮಹಾಭಾಷ್ಯದಲ್ಲೂ ಉಳಿದುಬಂದ ವಿವಾದ ಅವರದು. ಪದ ಹೇಳುವುದು ಬಿಡಿ ವಸ್ತುವನ್ನು ಎಂದು ವ್ಯಾಡಿ. ಆ ಬಗೆಯ ವಸ್ತುಗಳೆಲ್ಲಕ್ಕೂ ಸಮಾನವಾದ ಜಾತಿಯನ್ನು ಎಂದು ವಾಜಪ್ಯಾಯನ. ಅಜ್ಜಂಪುರದ ಅಮೃತ್ ಮಹಲ್ ತಳಿಯ ದನಗಳ ಕಾವಲಿನಲ್ಲಿ ನಿಂತು ಕೇಳಿದರೆ ಈ ವಿವಾದ ಕಣ್ಣೆದುರೇ ಇದೆ. "ಎತ್ತು ಕಟ್ಟು" ಎಂದಾಗ ಕಟ್ಟುವುದು ಕೊಂಬು, ಮೂಗುದಾರ ಇರುವ ಒಂದು ಎತ್ತನ್ನು. ಜಾತಿಯನ್ನು ಗೂಟಕ್ಕೆ ಕಟ್ಟಲಾಗದು. "ಅಮೃತ್ ಮಹಲ್ ಎತ್ತು ಗಟ್ಟಿ" ಎಂದಾಗ ಹೇಳುತ್ತಿರುವುದು ಯಾವ ಒಂದು ಎತ್ತಿನ ಮಾತೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಚರ್ಚೆ, ಯೇನಾದ ಗಣಿತಜ್ಞನಿಗೆ ಎದುರಾದ ಪ್ರಶ್ನೆಯ ಪಕ್ಕದ ಮನೆಯದು.

ಇನ್ನೂ ಹತ್ತಿರದ ಸಾಮ್ಯ ವೇದವಾಕ್ಯಗಳ ಅರ್ಥ ಚರ್ಚಿಸಿದ ಮೀಮಾಂಸಕರಲ್ಲಿದೆ. ಮಗು ಭಾಷೆ ಕಲಿಯುವುದು ಹೇಗೆ ಎಂದು ಕೇಳಿಕೊಂಡ ಅವರು ವೃದ್ಧವ್ಯವಹಾರ, ಅಂದರೆ ಹಿರಿಯರ ನಡೆನುಡಿ, ಎಂಬ ಉತ್ತರ ಕೊಟ್ಟರು. ಒಬ್ಬ ಹಿರಿಯರು ಇನ್ನೊಬ್ಬರಿಗೆ ಹಸು ತರಲು ಹೇಳುತ್ತಾರೆ, ಅವರು ತರುತ್ತಾರೆ. ಆಮೇಲೆ ಹಸು ಕಟ್ಟಲು, ಕುದುರೆ ತರಲು ಹೇಳುತ್ತಾರೆ. ಪಕ್ಕದಲ್ಲಿರುವ ಮಗು ಯಾವ ಮಾತಿಗೆ ಯಾವ ಕೆಲಸ ನಡೆಯಿತೆಂದು ನೋಡುತ್ತಾ, ಯಾವ ಪದ ಬದಲಾದಾಗ ಯಾವುದು ಬದಲಾಯಿತು ಎಂದು ಗಮನಿಸುತ್ತಾ ಅರ್ಥ ಹಿಡಿಯುತ್ತದೆ. ಕಟ್ಟುವವನು ಮತ್ತು ಸಹಾಯಕನ ನಡುವೆ ವಿಟ್‌ಗೆನ್‌ಸ್ಟೈನ್ ಕಂಡದ್ದೂ ಇದೇ ಬಗೆಯ ಕೊಡುಕೊಳ್ಳುವಿಕೆ. ಮಗುವಿನ ಈ ಕಲಿಕೆಯಿಂದ ಮೀಮಾಂಸಕರಲ್ಲಿ ಪ್ರಭಾಕರ ಮತದವರು ಒಂದು ತೀರ್ಮಾನಕ್ಕೆ ಬಂದರು: ವಾಕ್ಯದೊಳಗೆ ಉಳಿದವುಗಳ ಜೊತೆ ಕೂಡಿಕೊಂಡೇ ಪದ ಅರ್ಥ ಕೊಡುತ್ತದೆ. 1884ರಲ್ಲಿ ಫ್ರೇಗೆ ಹಾಕಿಕೊಂಡ ನಿಯಮವೂ ಅದೇ: ಪದದ ಅರ್ಥವನ್ನು ವಾಕ್ಯದ ಹೊರಗೆ ಕೇಳಬಾರದು. ಒಬ್ಬರು ಇನ್ನೊಬ್ಬರಿಂದ ಪಡೆದದ್ದೆಂದು ಹೇಳಲು ಆಧಾರವಿಲ್ಲ. ಮನುಷ್ಯರು ತಮ್ಮ ಮಾತನ್ನು ತಾವೇ ಎದುರಿಗಿಟ್ಟುಕೊಂಡು ನೋಡಿದಾಗ ಎರಡು ದಿಕ್ಕಿನಿಂದಲೂ ಕಾಣುವ ಸತ್ಯ ಅದು.

ಎರಡನೆಯ ಮಹಾಯುದ್ಧದ ನಂತರ ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಇದೇ ಜಾಡಿನಲ್ಲಿ ಮುಂದೆ ಹೋದರು. 1955ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಮಾತಾಡುವುದೇ ಒಂದು ಕೆಲಸ ಮಾಡಿದಂತೆ ಎಂದು ತೋರಿಸಿದರು. ಅದಕ್ಕೆ ನಮ್ಮ ಸೀಮೆಯ ಅಂತರಘಟ್ಟೆಯ ಜಾತ್ರೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. "ಅಮ್ಮಾ, ಮಗು ಹುಷಾರಾದರೆ ನಿನ್ನ ಜಾತ್ರೆಗೆ ಪಾನಕದ ಗಾಡಿ ತರ್ತೀನಿ" ಎಂದು ತಾಯಿಯೊಬ್ಬಳು ಅಲ್ಲಿನ ದೇವಿ ದುರ್ಗಾಂಬೆಗೆ ಕೈಮುಗಿದರೆ, ಆ ಮಾತು ನಿಜವೋ ಸುಳ್ಳೋ ಎಂದು ಕೇಳುವಂತಿಲ್ಲ. ಅದು ಯಾವ ಸಂಗತಿಯ ವರದಿಯೂ ಅಲ್ಲ. ಅದನ್ನು ಆಡಿದ ಕ್ಷಣಕ್ಕೇ ಹರಕೆ ಕಟ್ಟಿಕೊಂಡಂತಾಯಿತು, ಋಣ ಹುಟ್ಟಿತು. ನಾಳೆ ಅದನ್ನು ತೀರಿಸಬಹುದು ಅಥವಾ ತಪ್ಪಬಹುದು, ಆದರೆ ಆಡಿಲ್ಲ ಎನ್ನುವಂತಿಲ್ಲ. ಹರಕೆ, ಕ್ಷಮೆ, ಶಾಪ, ಒಪ್ಪಂದ: ಇವೆಲ್ಲ ಮಾತಿನಿಂದಲೇ ಆಗುವ ಕೆಲಸಗಳು. ಅವು ಆಗಬೇಕಾದರೆ ಸುತ್ತಲಿನ ಜನ ಆ ಪದ್ಧತಿಯನ್ನು ಮಾನ್ಯ ಮಾಡಿರಬೇಕು.

ಕೊನೆಯ ದೊಡ್ಡ ತಿರುವು ಮತ್ತೆ ಹೆಸರುಗಳ ಬಳಿಗೇ ಬಂತು. 1970ರ ಜನವರಿಯಲ್ಲಿ ಪ್ರಿನ್ಸ್‌ಟನ್‌ನಲ್ಲಿ 29 ವರ್ಷದ ಸಾಲ್ ಕ್ರಿಪ್ಕಿ ಬರೆದ ಪ್ರತಿಯಿಲ್ಲದೆ ಮೂರು ಉಪನ್ಯಾಸ ಕೊಟ್ಟರು. ಹೆಸರು ಎಂದರೆ ಒಂದು ಅಡಕವಾದ ವರ್ಣನೆ ಎಂಬ ರಸೆಲ್ ಕಾಲದ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯನ್ನೇ ನೋಡಿ. ಜಿಲ್ಲೆಯ ಆಡಳಿತ ನಡೆಯುತ್ತಿದ್ದದ್ದು ಚಿಕ್ಕಮಗಳೂರಿನಿಂದ, ಆದರೆ ಕಡೂರು ಜಿಲ್ಲೆ ಎಂಬ ಹೆಸರು ಬಹುಕಾಲ ಉಳಿಯಿತು. ಕೇಂದ್ರ ಕಡೂರಿನಲ್ಲಿಲ್ಲ ಎಂದು ಯಾರಿಗೂ ಗೊಂದಲವಾಗಲಿಲ್ಲ, ಏಕೆಂದರೆ ಹೆಸರು ನಿಂತಿದ್ದದ್ದು ವರ್ಣನೆಯ ಮೇಲಲ್ಲ. ಅಂತರಘಟ್ಟೆಯ ಆ ದೇವಿಗೆ ಅಂತರಘಟ್ಟಮ್ಮ ಎಂಬ ಹೆಸರಿನಲ್ಲಿ ಶಿವಮೊಗ್ಗ, ಭದ್ರಾವತಿ ಕಡೆಯೂ ಗುಡಿಗಳಿವೆ. ಅಂತರಘಟ್ಟೆ ಎಲ್ಲಿದೆ ಎಂದು ತಿಳಿಯದವರೂ ಆ ಹೆಸರಿನಿಂದ ದೇವಿಯನ್ನೇ ಕರೆಯುತ್ತಾರೆ. ಕ್ರಿಪ್ಕಿ ಹೇಳಿದ್ದು ಇದನ್ನೇ: ಯಾರೋ ಒಮ್ಮೆ ಹೆಸರಿಟ್ಟರು, ಅವರಿಂದ ಕೇಳಿದವರು ಅದೇ ಇಂಗಿತದಿಂದ ಮುಂದಿನವರಿಗೆ ದಾಟಿಸಿದರು. ಆ ಸರಪಳಿ ಕಡಿಯದಿದ್ದರೆ ಹೆಸರು ತನ್ನ ವಸ್ತುವನ್ನು ಮುಟ್ಟುತ್ತದೆ, ಆಡುವವರಿಗೆ ಆ ವಸ್ತುವಿನ ಬಗ್ಗೆ ತಿಳಿದದ್ದೆಲ್ಲ ತಪ್ಪಾಗಿದ್ದರೂ ಸಹ.

1975ರಲ್ಲಿ ತತ್ತ್ವಜ್ಞಾನಿ ಹಿಲರಿ ಪಟ್ನಮ್ ಇದನ್ನು ಹೆಸರುಗಳಾಚೆಗೂ ಚಾಚಿದರು. ಎರಡು ಜಾತಿಯ ಮರಗಳನ್ನು ನೋಡಿ ಯಾವುದು ಯಾವುದೆಂದು ಗುರುತಿಸಲಾರೆ, ಆದರೂ ನಾನಾಡುವ ಅವುಗಳ ಹೆಸರುಗಳಿಗೆ ಬೇರೆ ಬೇರೆ ಅರ್ಥವಿದೆ ಎಂದರು. ಪೇಟೆಯಲ್ಲಿ ಬೆಳೆದವರು ಮತ್ತಿ, ಹೊನ್ನೆ ಎನ್ನುವಾಗಲೂ ಹಾಗೆಯೇ. ಅವರ ತಲೆಯೊಳಗೆ ಎರಡೂ ಬರಿಯ "ಕಾಡಿನ ದೊಡ್ಡ ಮರ". ಆದರೂ ಅವರ ಮಾತು ಸರಿಯಾದ ಮರವನ್ನೇ ಮುಟ್ಟುತ್ತದೆ. ಏಕೆಂದರೆ ತೊಗಟೆ ನೋಡಿ, ಮರ ಕೊಯ್ದಾಗ ಬರುವ ರಸ ನೋಡಿ ಇದು ಇಂಥದ್ದೇ ಎನ್ನಬಲ್ಲ ಜನ ಆ ಭಾಷೆಯೊಳಗೆ ಇದ್ದಾರೆ. ಅರಿವಿನ ಕೆಲಸವನ್ನು ಭಾಷೆ ಹಲವರಿಗೆ ಹಂಚಿದೆ. ತಿಳಿಯದವರು ತಿಳಿದವರ ಬಲದ ಮೇಲೆ ಮಾತಾಡುತ್ತಾರೆ.

ತೀರದ ಪ್ರಶ್ನೆಗಳು ಇನ್ನೂ ಇವೆ. ಪದಕ್ಕೂ ವಸ್ತುವಿಗೂ ನಂಟು ಯಾವುದು, ವಾಕ್ಯ ಸತ್ಯವಾಗುವುದೆಂದರೇನು, ಹೇಳಿದ್ದಕ್ಕಿಂತ ಹೆಚ್ಚು ನಮಗೆ ತಿಳಿಯುವುದು ಹೇಗೆ: ಇವುಗಳ ಮೇಲೆ ಇಂದೂ ವಾದ ನಡೆದಿದೆ. ಕನ್ನಡದಲ್ಲಿ ವಾಕ್ಯ ಹೆಣೆಯುವ ಯಂತ್ರಗಳು ಬಂದ ಮೇಲೆ, ಆ ವಾಕ್ಯಗಳಿಗೆ ಅರ್ಥ ಕೊಡುವವರು ಯಾರು ಎಂಬುದೂ ಸೇರಿಕೊಂಡಿದೆ. ಆದರೆ ಫ್ರೇಗೆಯಿಂದ ಪಟ್ನಮ್‌ವರೆಗಿನ ದಾರಿಯಲ್ಲಿ ಒಂದು ಸತ್ಯ ಗಟ್ಟಿಯಾಗುತ್ತಾ ಬಂದಿದೆ ಎಂದು ನನಗನ್ನಿಸುತ್ತದೆ. ಅರ್ಥ ಒಬ್ಬರ ತಲೆಯೊಳಗಿನ ಆಸ್ತಿಯಲ್ಲ. ಅದು ಜನರ ನಡುವೆ ಇದೆ, ಅವರ ಕೆಲಸದೊಳಗೆ ಇದೆ.

ಇದನ್ನು ಒಪ್ಪಿದರೆ ನಮ್ಮ ಹೊಣೆಯೂ ಬದಲಾಗುತ್ತದೆ. ರಾಗಿಯ ಕಣದ ಮಾತುಗಳನ್ನು ತೆಗೆದುಕೊಳ್ಳಿ: ಮೆದೆ ಎಂಬ ಒಟ್ಟಲು, ಮೇಟಿ ಎಂಬ ನಡುಗಂಬ, ಒಕ್ಕುವ ರೋಣಗಲ್ಲು, ಕಾಳು ತೂರುವುದು. ಯಂತ್ರದ ಒಕ್ಕಣೆ ಬಂದು ಕಣಗಳು ಇಲ್ಲವಾಗುತ್ತಿವೆ. ಈ ಪದಗಳನ್ನು ನಿಘಂಟಿಗೆ ಸೇರಿಸಿದರೆ ಸದ್ದು ಉಳಿಯುತ್ತದೆ, ವಿವರಣೆಯ ಒಂದು ಸಾಲು ಉಳಿಯುತ್ತದೆ. ಗಾಳಿ ಯಾವ ದಿಕ್ಕಿಗಿದ್ದರೆ ತೂರಬೇಕು, ಮೇಟಿ ಯಾವ ಮರದ್ದಾಗಬೇಕು ಎಂದು ತಿಳಿದವರ ಹತ್ತಿರ ಕುಳಿತು, ಅವರು ಮಾಡುವುದನ್ನು ನೋಡಿ, ಕೇಳಿ, ಮಕ್ಕಳು ಬರೆದುಕೊಂಡರೆ ಅರ್ಥದ ಬಹುಪಾಲು ಉಳಿದೀತು. ನಮ್ಮ ಶಾಲೆಗಳು ಈ ಕೆಲಸವನ್ನು ಕನ್ನಡ ಪಾಠದ ಭಾಗವಾಗಿ ಈಗಲೇ ಕೈಗೆತ್ತಿಕೊಳ್ಳಬೇಕು. ಹಾಗೆ ಮಾಡುವ ಮಕ್ಕಳು ಪದಗಳನ್ನು ಉಳಿಸುವುದಷ್ಟೇ ಅಲ್ಲ, ಅರ್ಥ ಎಲ್ಲಿದೆ ಎಂಬ ಪ್ರಶ್ನೆಯನ್ನು ತಾವೇ ಕೇಳಲು ಕಲಿಯುತ್ತಾರೆ.